ಕಾಲುಚೀಲದ ರಫೂ

ಕೈಯಿಂದ ಹೆಣೆದ ಉಣ್ಣೆಯ ಕಾಲುಚೀಲದಲ್ಲಿ ಸವೆದ ಅಥವಾ ತೂತುಬಿದ್ದ ಭಾಗವನ್ನು ಸೂಜಿ ಮತ್ತು ನೂಲಿನಿಂದ ಮತ್ತೆ ತುಂಬುವ ಕೆಲಸವನ್ನು ರಫೂ ಎನ್ನುತ್ತಾರೆ. ಪಾದರಕ್ಷೆಗೆ ಸದಾ ಉಜ್ಜುವ ಹಿಮ್ಮಡಿ, ಹೆಬ್ಬೆರಳಿನ ತುದಿ ಮತ್ತು ಮುಂಗಾಲಿನ ಅಡಿಭಾಗ ಮೊದಲು ತೆಳುವಾಗುತ್ತವೆ. ಹೆಣಿಗೆಯು ಒಂದರೊಳಗೊಂದು ಸಿಕ್ಕಿಸಿದ ಕುಣಿಕೆಗಳಿಂದಾದದ್ದರಿಂದ ಒಂದು ಎಳೆ ಹರಿದರೆ ನೆರೆಯ ಕುಣಿಕೆಗಳೂ ಸಾಲಾಗಿ ಬಿಚ್ಚಿಕೊಳ್ಳುತ್ತವೆ, ಆದಕಾರಣ ತೂತು ಬೀಳುವ ಮುನ್ನವೇ ದುರಸ್ತಿಗೆ ತೊಡಗುವುದು ಉತ್ತಮ.

ಎಳೆಗಳು ತೆಳುವಾಗಿದ್ದರೂ ಹರಿಯದೆ ಉಳಿದಿರುವಾಗ ಸ್ವಿಸ್ ಡಾರ್ನಿಂಗ್, ಅಂದರೆ ಹಳೆಯ ಕುಣಿಕೆಗಳ ಜಾಡಿನಲ್ಲಿಯೇ ಹೊಸ ನೂಲನ್ನು ಓಡಿಸುವ ವಿಧಾನ, ಸೂಕ್ತವಾಗಿದ್ದು, ಇದರಿಂದ ಹೆಣಿಗೆಯ ಹಿಗ್ಗುವ ಗುಣ ಉಳಿಯುತ್ತದೆ. ತೂತು ಬಿದ್ದಿದ್ದರೆ ಕಾಲುಚೀಲದೊಳಗೆ ಅಣಬೆಯಾಕಾರದ ಮರದ ಅಚ್ಚನ್ನಿಟ್ಟು, ಮೊಂಡು ತುದಿಯ ಸೂಜಿಯಿಂದ, ಸುತ್ತಲಿನ ಗಟ್ಟಿ ಭಾಗದಲ್ಲಿ ಆರಂಭಿಸಿ ಉದ್ದಕ್ಕೆ ಹಾಸುನೂಲುಗಳನ್ನು ಎಳೆದು, ಅವುಗಳ ಮೇಲೊಮ್ಮೆ ಕೆಳಗೊಮ್ಮೆ ಹಾಯುವಂತೆ ಅಡ್ಡಲಾಗಿ ಹೊಕ್ಕುನೂಲನ್ನು ನೇಯಲಾಗುತ್ತದೆ. ನೂಲನ್ನು ಬಿಗಿದರೆ ಅಂಚು ಸುಕ್ಕುಗಟ್ಟಿ ಪಾದಕ್ಕೆ ಒತ್ತುತ್ತದೆ. ಗಂಟು ಹಾಕುವುದಂತೂ ಸಲ್ಲದು. ಹಿಮ್ಮಡಿ ಪೂರ್ತಿ ಸವೆದಿದ್ದರೆ ಆ ಭಾಗವನ್ನು ಬಿಚ್ಚಿ, ಗಟ್ಟಿಯಾಗಿ ಉಳಿದ ಕುಣಿಕೆಗಳನ್ನು ಕಡ್ಡಿಗೇರಿಸಿ ಹೊಸದಾಗಿ ಹೆಣೆಯುವುದೇ ಲೇಸು.

ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ನಿಮಿತ್ತ 1941ರ ಜೂನ್‌ನಲ್ಲಿ ಬಂದ ಬಟ್ಟೆಯ ಪಡಿತರ 1949ರವರೆಗೂ ಮುಂದುವರಿಯಿತು; ಆ ಅವಧಿಯಲ್ಲಿ, 1943ರಲ್ಲಿ, ಸರಕಾರವೇ ‘ಮೇಕ್ ಡು ಅಂಡ್ ಮೆಂಡ್’ ಎಂಬ ಕಿರುಪುಸ್ತಕವನ್ನು ಹೊರತಂದು ಮನೆಯ ಉಡುಪುಗಳ ದುರಸ್ತಿಯನ್ನು ಪ್ರೋತ್ಸಾಹಿಸಿತು. ಈಗ ಸವೆತ ತಗ್ಗಿಸಲು ಕಾಲುಚೀಲದ ಉಣ್ಣೆನೂಲಿಗೆ ಶೇಕಡ 25ರಷ್ಟು ನೈಲಾನ್ ಬೆರೆಸುವುದು ವಾಡಿಕೆಯಾಗಿದೆ.