ತಲಪಾಡಿ ದಾಟದ ವಯರಿಂಗ್ ಲೈಸೆನ್ಸ್

ಮಂಜೇಶ್ವರ, ಕುಂಜತ್ತೂರು, ಉಪ್ಪಳದ ಬ್ಯಾರಿ ಮನೆಗಳಲ್ಲಿ 'ಪೇಟೆಗೆ ಹೋಗಿ ಬರುತ್ತೇನೆ' ಎಂದರೆ ಹೆಚ್ಚಾಗಿ ಮೈಕಾಲಕ್ಕೆ, ಅಂದರೆ ಮಂಗಳೂರಿಗೆ. ಆಸ್ಪತ್ರೆ, ಕಾಲೇಜು, ಮದುವೆಯ ಬಟ್ಟೆ, ಅಡಿಕೆ ಮಾರಾಟ, ಎಲ್ಲದಕ್ಕೂ ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಅದೇ ದಾರಿ. ವಯರಿಂಗ್ ಕೆಲಸ ಕಲಿತ ಹುಡುಗರೂ ಅದೇ ಬಸ್ಸು ಹತ್ತುತ್ತಾರೆ. ಆದರೆ ಅಡಿಕೆ ಮಾರುವವನಿಗೆ ಬೇಡದ ಒಂದು ಕಾಗದ ವಯರಿಂಗ್ ಮಾಡುವವನಿಗೆ ಬೇಕು. ಆ ಕಾಗದ ಮಾತ್ರ ತಲಪಾಡಿ ದಾಟುವುದಿಲ್ಲ.

ಇದರ ಮೂಲ 1956ರಲ್ಲಿದೆ. ಅಲ್ಲಿಯವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗ, ಮಂಗಳೂರೇ ಜಿಲ್ಲಾ ಕೇಂದ್ರ, ಎರಡಕ್ಕೂ ಮದರಾಸೇ ಸರಕಾರ. ಆ ವರ್ಷ ನವೆಂಬರ್ 1ರಂದು ಮಂಗಳೂರು ಮೈಸೂರು ರಾಜ್ಯಕ್ಕೆ ಹೋಯಿತು, ಕಾಸರಗೋಡು ಕೇರಳಕ್ಕೆ. ಈ ಗಡಿಯ ಬಗ್ಗೆ ನಮ್ಮಲ್ಲಿ ಸಾಕಷ್ಟು ಬರೆದಿದ್ದಾರೆ. ಅದೇ ವರ್ಷ ಬಂದ ಇನ್ನೊಂದು ಕಾಗದದ ಬಗ್ಗೆ ಬರೆದದ್ದು ಕಡಿಮೆ: ಭಾರತೀಯ ವಿದ್ಯುತ್ ನಿಯಮಗಳು, 1956. ಅದರ 45ನೇ ನಿಯಮದ ಪ್ರಕಾರ ಗ್ರಾಹಕರ ಜಾಗದಲ್ಲಿ ವಯರಿಂಗ್ ಮಾಡಬೇಕಾದರೆ ರಾಜ್ಯ ಸರಕಾರದ ಲೈಸೆನ್ಸ್ ಇರುವ ಗುತ್ತಿಗೆದಾರನೇ ಬೇಕು. ಕೆಲಸ ಅರ್ಹತಾ ಪತ್ರವಿರುವ ಸೂಪರ್‌ವೈಸರನ ಕಣ್ಣೆದುರು ನಡೆಯಬೇಕು, ಮಾಡುವವನ ಕೈಯಲ್ಲಿ ಪರ್ಮಿಟ್ ಇರಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವುದಕ್ಕೆ ಮಾತ್ರ ವಿನಾಯಿತಿ.

ನಿಯಮ ಒಳ್ಳೆಯದೇ. ತೊಂದರೆ 'ರಾಜ್ಯ ಸರಕಾರ' ಎಂಬ ಎರಡು ಪದಗಳಲ್ಲಿದೆ. ಒಂದೇ ಪೇಟೆಯನ್ನು ನಂಬಿದ್ದ ಊರುಗಳಿಗೆ ಈಗ ಎರಡು ಸರಕಾರ. ಮರುವರ್ಷ ಎರಡೂ ಕಡೆ ಬೇರೆ ಬೇರೆ ವಿದ್ಯುತ್ ಮಂಡಳಿಗಳು ಹುಟ್ಟಿದವು. ಮಂಜೇಶ್ವರದ ಹುಡುಗನಿಗೆ ಪರ್ಮಿಟ್ ಕೊಡುವ ಕೇರಳದ ಲೈಸೆನ್ಸಿಂಗ್ ಬೋರ್ಡ್ ಇರುವುದು 600 ಕಿಲೋಮೀಟರ್ ಹತ್ತಿರ ದೂರದ ತಿರುವನಂತಪುರದಲ್ಲಿ. ಅವನ ಕೆಲಸ ಇರುವ ಮಂಗಳೂರಿನ ಲೈಸೆನ್ಸ್ ಕರ್ನಾಟಕದ ವಿದ್ಯುತ್ ಪರಿವೀಕ್ಷಣಾ ಇಲಾಖೆಯದ್ದು. ಸೂಪರ್‌ವೈಸರ್ ಮತ್ತು ವಯರ್‌ಮ್ಯಾನ್ ಪತ್ರಗಳಿಗೆ ನಿಯಮದಲ್ಲೇ ಒಂದು ಕಿಂಡಿ ಇತ್ತು. ರಾಜ್ಯ 'ಕೊಟ್ಟ ಅಥವಾ ಮಾನ್ಯ ಮಾಡಿದ' ಪತ್ರ ಸಾಕು ಎಂದಿತ್ತು. ಅಂದರೆ ಪಕ್ಕದ ರಾಜ್ಯದ ಪತ್ರಕ್ಕೆ ಇಲ್ಲಿ ಮಾನ್ಯತೆ ಕೇಳಬಹುದು. ಗುತ್ತಿಗೆದಾರನ ಲೈಸೆನ್ಸಿಗೆ ಆ ಕಿಂಡಿಯೂ ಇಲ್ಲ.

ಕೆಲಸ ನೋಡಿದರೆ ಗಡಿಯ ಎರಡು ಬದಿಗೂ ವ್ಯತ್ಯಾಸವೇ ಇಲ್ಲ. ಅದೇ ಮುರಕಲ್ಲಿನ ಗೋಡೆ, ಅದೇ ಮಂಗಳೂರು ಹೆಂಚು, ಅದೇ ಮಳೆಗಾಲ. ಹಳೆಯ ಹೆಂಚಿನ ಮನೆಗಳಲ್ಲಿ ಗೋಡೆಯ ಮೇಲೆ ಮರದ ಪಟ್ಟಿ ಹೊಡೆದು, ಅದರ ಮೇಲೆ ಕ್ಲಿಪ್ಪಿನಿಂದ ವಯರ್ ಕೂರಿಸುತ್ತಿದ್ದರು. ಹೆಂಚು ಒಂದಿಷ್ಟು ಜರುಗಿದರೆ ನೀರು ಪಟ್ಟಿಗೆ ಇಳಿಯಿತು, ಮರ ಒದ್ದೆಯಾಯಿತು, ಸ್ವಿಚ್ಚು ಮುಟ್ಟಿದರೆ ಜುಮ್ಮೆಂದಿತು. ಬೇಸಗೆಯಲ್ಲಿ ಇನ್ನೊಂದು ರಗಳೆ. ಮುರಕಲ್ಲಿನ ಪದವಿನಲ್ಲಿ ಮಣ್ಣು ಒಣಗಿದರೆ ಅರ್ಥಿಂಗ್ ಕೆಲಸಕ್ಕೆ ಬಾರದಂತಾಗುತ್ತದೆ. ಅದಕ್ಕೇ ಗುಂಡಿಗೆ ಇದ್ದಲು, ಉಪ್ಪು ಹಾಕಿ ಆಗಾಗ ನೀರು ಹೊಯ್ಯುವುದು. ಇದನ್ನೆಲ್ಲ ಕೈಯಲ್ಲಿ ಕಲಿತವನಿಗೆ ತಲಪಾಡಿ ದಾಟಿದ ಮೇಲೆ ಹೊಸದಾಗಿ ಕಲಿಯಲು ಏನೂ ಇಲ್ಲ.

ಆಮೇಲೆ ಗಲ್ಫಿನ ದುಡ್ಡು ಬಂತು, ಟೆರೇಸ್ ಮನೆಗಳು ಎದ್ದವು. ಪೈಪು ಈಗ ಸ್ಲ್ಯಾಬಿನ ಕಾಂಕ್ರೀಟಿನೊಳಗೇ ಹೋಗುತ್ತದೆ. ಕಾಂಕ್ರೀಟ್ ಹಾಕುವ ಮುನ್ನಾದಿನ ವಯರಿಂಗಿನವನು ಬಾರದಿದ್ದರೆ ಮತ್ತೆ ಸ್ಲ್ಯಾಬ್ ಕೊರೆಯಬೇಕು. ದುಬೈಯಿಂದ ತಂದ ಇಸ್ತ್ರಿಪೆಟ್ಟಿಗೆಯ ಚೌಕ ಪಿನ್ನಿಗೆಂದೇ 13 ಆಂಪಿಯರಿನ ಸಾಕೆಟ್ ಹಾಕಿಸಿಕೊಂಡ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಕೋಣೆಗೊಂದು ಏಸಿ ಬಂದ ಮೇಲೆ ಹಳೆಯ ತೆಳು ವಯರು ಸಾಲದು.

ಗಲ್ಫಿನಲ್ಲಿ ಕೆಲಸ ಮಾಡಿದವರಿಗೆ ಈ ಗಡಿ ಲೆಕ್ಕ ಹೊಸದಲ್ಲ. ದುಬೈಯಲ್ಲಿ 1992ರಿಂದ ವಿದ್ಯುತ್ತು, ನೀರು ಎರಡೂ 'ದೇವಾ' ಕೈಯಲ್ಲಿ. ಪಕ್ಕದ ಶಾರ್ಜಾದಲ್ಲಿ 'ಸೇವಾ' ಬೇರೆ. ಅಲ್ಲಿ ಹದಿನೈದು ವರ್ಷ ದೊಡ್ಡ ದೊಡ್ಡ ಕಟ್ಟಡಗಳ ಪ್ಯಾನಲ್ ಕಟ್ಟಿ ಊರಿಗೆ ಬಂದವನು ಇಲ್ಲಿ ಪರ್ಮಿಟ್ ಇಲ್ಲದಿದ್ದರೆ ಕಾಗದದಲ್ಲಿ ಬರೇ ಸಹಾಯಕ. ಆ ಅನುಭವವನ್ನು ಅಳೆದು ಪತ್ರ ಕೊಡುವ ಸುಲಭ ದಾರಿಯೊಂದನ್ನು ಎರಡೂ ಸರಕಾರಗಳು ಎಂದೋ ಮಾಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಸ್ವಂತ ಲೈಸೆನ್ಸ್ ಮಾಡಿಸೋಣ ಎಂದರೆ ಖರ್ಚು ಅರ್ಜಿಯ ಶುಲ್ಕಕ್ಕೆ ಮುಗಿಯುವುದಿಲ್ಲ. ಮೆಗ್ಗರ್, ಅರ್ಥ್ ಟೆಸ್ಟರ್ ಮುಂತಾದ ಪರೀಕ್ಷಾ ಸಾಧನ ಇಟ್ಟಿರಬೇಕು, ಅರ್ಹ ಸೂಪರ್‌ವೈಸರ್, ಪರ್ಮಿಟ್ ಇರುವ ವಯರ್‌ಮ್ಯಾನ್ ಇರಬೇಕು, ಕಾಲಕಾಲಕ್ಕೆ ನವೀಕರಿಸಬೇಕು. ಇಬ್ಬರು ಹುಡುಗರನ್ನು ಇಟ್ಟುಕೊಂಡು ಪಾಯಿಂಟ್ ಲೆಕ್ಕದಲ್ಲಿ ಕೆಲಸ ಹಿಡಿಯುವವನಿಗೆ ಇದು ಒಂದು ರಾಜ್ಯದಲ್ಲೇ ಭಾರ, ಎರಡು ರಾಜ್ಯದಲ್ಲಂತೂ ದೂರದ ಮಾತು. ಹಾಗಾಗಿ ಅವನು ಲೈಸೆನ್ಸ್ ಇರುವ ಇನ್ನೊಬ್ಬರ ಹೆಸರಿನಲ್ಲಿ ಕೆಲಸ ಮಾಡುತ್ತಾನೆ. ಹೊಸ ಮನೆಗೆ ಕನೆಕ್ಷನ್ ಸಿಗಬೇಕಾದರೆ ಕೆಲಸ ಮುಗಿದ ವರದಿಗೆ ಗುತ್ತಿಗೆದಾರನ ಸಹಿ ಬೇಕಲ್ಲ, ಆ ಸಹಿಗೆ ಒಂದು ಮೊತ್ತ. ಸಹಿ ಹಾಕಿದವರು ಮನೆ ನೋಡಿದ್ದಾರೋ ಇಲ್ಲವೋ ಮಾಲೀಕನಿಗೆ ಗೊತ್ತಿರುವುದಿಲ್ಲ. 500 ವೋಲ್ಟ್ ಮೆಗ್ಗರಿನಲ್ಲಿ ಒಂದು ನಿಮಿಷ ತಿರುಗಿಸಿ, ವಯರಿಗೂ ಅರ್ಥಿಗೂ ನಡುವೆ ಕನಿಷ್ಠ 1 ಮೆಗಾಓಮ್ ಬರುತ್ತದೋ ನೋಡುವ ಪರೀಕ್ಷೆ ಅದು. ಮಾಡದೆಯೂ ಆ ಕಾಲಂ ತುಂಬಬಹುದು. ಮಳೆಗಾಲದಲ್ಲಿ ಶಾಕ್ ತಿನ್ನುವವರು ಆ ಮನೆಯ ಮಕ್ಕಳು.

ಮಾರುಕಟ್ಟೆಯೂ ಸಣ್ಣವನ ಪಾಲಿಗೆ ಸುಲಭದ್ದಲ್ಲ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ವಯರು, ಸ್ವಿಚ್ಚುಗಳ ಮೇಲೆ ಶೇ. 28 ತೆರಿಗೆ. ನವೆಂಬರಿನಲ್ಲಿ ಅದು ಶೇ. 18ಕ್ಕೆ ಇಳಿಯಿತು. ನಡುವಿನ ನಾಲ್ಕು ತಿಂಗಳಲ್ಲಿ ಸಾಮಾನು ತುಂಬಿಸಿಟ್ಟವರಿಗೆ ಅದರ ಬಿಸಿ ನೆನಪಿದೆ. ಕಾಂಪೊಸಿಷನ್ ಯೋಜನೆಯಲ್ಲಿ ಇರುವವನು ಹೊರರಾಜ್ಯಕ್ಕೆ ಬಿಲ್ ಮಾಡುವಂತಿಲ್ಲ. ಕಟ್ಟಡದ ಕೆಲಸಕ್ಕೆ ಕಟ್ಟಡ ಇರುವ ರಾಜ್ಯವೇ ಲೆಕ್ಕ, ಆದ್ದರಿಂದ ಉಪ್ಪಳದಲ್ಲಿ ನೋಂದಾಯಿಸಿದವನಿಗೆ ಪಂಪ್‌ವೆಲ್ಲಿನ ಫ್ಲಾಟ್ ಹೊರರಾಜ್ಯ. ತಾಮ್ರದ ಕತೆ ಇದಕ್ಕಿಂತ ಕಷ್ಟದ್ದು. 2020ರ ಮಾರ್ಚಿನಲ್ಲಿ ಲಂಡನ್ನಿನ ಲೋಹ ಮಾರುಕಟ್ಟೆಯಲ್ಲಿ ಟನ್ನಿಗೆ 5,000 ಡಾಲರಿಗಿಂತ ಕೆಳಗಿದ್ದ ತಾಮ್ರ 2021ರ ಮೇಯಲ್ಲಿ 10,000 ದಾಟಿತು. ಸಾಮಾನು ಸಮೇತ ಇಡೀ ಮನೆಗೆ ಇಷ್ಟು ಎಂದು ಮೊದಲೇ ಮಾತಾಡಿಕೊಂಡವರ ಲಾಭವೆಲ್ಲ ವಯರಿನ ಸುರುಳಿಗೆ ಹೋಯಿತು. 'ಸಾಮಾನು ನಿಮ್ಮದು, ಕೂಲಿ ನನ್ನದು' ಎಂಬ ಮಾತುಕತೆಯೇ ಇಂಥ ಸಮಯದಲ್ಲಿ ಇಬ್ಬರಿಗೂ ಕ್ಷೇಮ.

ಅದೇ 2020ರ ಮಾರ್ಚಿನಲ್ಲಿ ಕರ್ನಾಟಕ ತಲಪಾಡಿಯಲ್ಲಿ ದಾರಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ಜೀವ ಬಿಟ್ಟವರ ಮುಂದೆ ಕೆಲಸ ಕಳೆದುಕೊಂಡವರ ದುಃಖ ಸಣ್ಣದು. ಆದರೂ ದಿನಾ ಬಸ್ಸು ಹತ್ತುತ್ತಿದ್ದವರಿಗೆ, ತಮ್ಮ ಪೇಟೆ ಇನ್ನೊಂದು ರಾಜ್ಯದಲ್ಲಿದೆ ಎಂಬುದು ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ.

1956ರ ನಿಯಮಗಳ ಜಾಗಕ್ಕೆ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಬಂದವು, 2023ರಲ್ಲಿ ಅವೂ ಹೊಸದಾದವು. ಲೈಸೆನ್ಸ್ ಕೊಡುವ ಅಧಿಕಾರ ರಾಜ್ಯಗಳಲ್ಲೇ ಉಳಿಯಿತು. ನಿಮ್ಮ ಮನೆಯ ಕೆಲಸ ಈಗ ನಡೆಯುತ್ತಿದ್ದರೆ, ವರದಿಗೆ ಯಾರು ಸಹಿ ಹಾಕುತ್ತಾರೆ ಎಂದು ಕೇಳಿ, ಮೆಗ್ಗರ್ ತಿರುಗಿಸುವ ದಿನ ಅವರನ್ನೇ ಮನೆಗೆ ಬರಹೇಳಿ. ಕೆಲಸ ಮಾಡಿದ ಹುಡುಗನನ್ನೂ ಆಗ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಯಾವ ಪೈಪು ಎಲ್ಲಿ ಹೋಗಿದೆ ಎಂಬುದು ಗೊತ್ತಿರುವುದು ಅವನಿಗೆ.