ಮರುಕಳಿಸುವ ವೇಳಾಪಟ್ಟಿಯಲ್ಲಿ ಸೂಟಿ ಮತ್ತು ಅಪವಾದ

ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಬರುವ ಕೆಲಸವನ್ನು ಒಂದು ನಿಯಮವಾಗಿ ಬರೆದಿಟ್ಟು, ಆ ನಿಯಮ ತಪ್ಪುವ ದಿನಗಳನ್ನು ಬೇರೆಯಾಗಿ ದಾಖಲಿಸುವ ತಂತ್ರಾಂಶ ವಿಧಾನ. ಸೂಟಿ ಅಡ್ಡ ಬಂದಾಗ ಕೆಲಸವನ್ನು ಬಿಡಬಹುದು, ಹಿಂದಿನ ದಿನಕ್ಕೆ ತರಬಹುದು ಅಥವಾ ಮುಂದಿನ ದಿನಕ್ಕೆ ಒಯ್ಯಬಹುದು. ಜಾತ್ರೆಯಂಥ ಸಂದರ್ಭದಲ್ಲಿ ನಿಯಮದಲ್ಲಿಲ್ಲದ ದಿನವನ್ನು ಸೇರಿಸಬೇಕಾಗುತ್ತದೆ. ‘ಪ್ರತಿ ಶುಕ್ರವಾರ’ ಎಂಬ ನಿಯಮ ಬರೆಯಲು ಒಂದು ಸಾಲು ಸಾಕು. ಯಾವ ಶುಕ್ರವಾರ ಸೂಟಿ, ಯಾವ ಊರಿಗೆ ಸೂಟಿ, ಅದನ್ನು ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಕಷ್ಟದವು. ಈ ವಿಷಯದ ಇತಿಹಾಸವೆಲ್ಲ ಅವುಗಳ ಸುತ್ತಲೇ ಬೆಳೆದಿದೆ.

ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ನಿಂತರೆ ಹಲವು ಪಂಚಾಂಗಗಳು ಒಟ್ಟಿಗೆ ಕಾಣುತ್ತವೆ. ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಹತ್ತರಗಿ ಟೋಲ್ ನಾಕೆಗೆ ಸೂಟಿಯೇ ಇಲ್ಲ. ಬ್ಯಾಂಕಿಗೆ ಒಂದು ಸೂಟಿ ಪಟ್ಟಿ, ಸರಕಾರಿ ಕಚೇರಿಗೆ ಇನ್ನೊಂದು. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸಿದ ರೈತ, 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಬಿಲ್ಲು ಬರಬೇಕೆಂದು ಲೆಕ್ಕ ಹಾಕುತ್ತಾನೆ. ಅದೇ ಹೆದ್ದಾರಿಯಲ್ಲಿ ನಿಪ್ಪಾಣಿ ದಾಟಿ ಕೊಲ್ಹಾಪುರದ ಕಡೆ ಹೋದರೆ ಬೇರೆ ರಾಜ್ಯ, ಬೇರೆ ಸೂಟಿ. ಇವೆಲ್ಲಕ್ಕಿಂತ ಹಳೆಯದು ಹೊಲದ ಪಂಚಾಂಗ. ಸೋಮವಾರ ಬಸವಣ್ಣನ ವಾರ, ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಜಾತ್ರೆಗೆ ಮೊದಲು ಗ್ರಾಮದೇವಿಯ ಹೆಸರಿನಲ್ಲಿ ‘ವಾರ’ ಹಿಡಿದು, ಗೊತ್ತುಪಡಿಸಿದ ದಿನಗಳಲ್ಲಿ ಹೊಲದ ಕೆಲಸ ಬಿಡುವ ಪದ್ಧತಿ ಈ ಭಾಗದ ಹಲವು ಊರುಗಳಲ್ಲಿದೆ.

ಕಾಯಿದೆಗಳ ಕಾಲ

ಕಂಪ್ಯೂಟರ್ ಬರುವ ಮೊದಲೇ ಅಪವಾದದ ತರ್ಕವನ್ನು ಕಾಯಿದೆಗಳು ಬಿಡಿಸಿಟ್ಟಿದ್ದವು. ಗೋಕಾಕ ಫಾಲ್ಸ್‌ನಲ್ಲಿ 1885ರಲ್ಲಿ ಗೋಕಾಕ ಮಿಲ್ ಆರಂಭವಾದಾಗ ಈ ಪ್ರದೇಶ ಮುಂಬೈ ಆಧಿಪತ್ಯದಲ್ಲಿತ್ತು. ಅದರ ಹಿಂದಿನ ವರ್ಷವೇ ಮುಂಬೈಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕಾರ್ಮಿಕರ ಸಂಘ ಕಟ್ಟಿ ವಾರದ ಸೂಟಿಗಾಗಿ ಹೋರಾಟಕ್ಕಿಳಿದಿದ್ದರು. 1890ರ ಜೂನ್ 10ರಂದು ಅಲ್ಲಿನ ಗಿರಣಿ ಮಾಲೀಕರು ಭಾನುವಾರದ ಬಿಡುವಿಗೆ ಒಪ್ಪಿದರು. ಇಂದು ಯಾವ ತಂತ್ರಾಂಶವನ್ನು ತೆರೆದರೂ ಭಾನುವಾರ ತಾನಾಗಿಯೇ ಕೆಂಪಾಗಿರುತ್ತದೆ. ಆ ಕೆಂಪು ಕೂಲಿಕಾರರು ಕೇಳಿ ಪಡೆದದ್ದು ಎಂಬುದನ್ನು ಈ ಇತಿಹಾಸ ಬರೆಯುವವರು ಬಿಟ್ಟುಬಿಡಬಾರದು.

1948ರ ಕಾರ್ಖಾನೆ ಕಾಯಿದೆಯ 52ನೆಯ ಕಲಮು ಇನ್ನೂ ಸೂಕ್ಷ್ಮವಾಗಿತ್ತು. ಭಾನುವಾರ ದುಡಿಸಬೇಕಾದರೆ ಅದರ ಹಿಂದಿನ ಅಥವಾ ಮುಂದಿನ 3 ದಿನಗಳಲ್ಲಿ ಒಂದು ಪೂರ್ತಿ ದಿನ ಬದಲಿ ಸೂಟಿ ಕೊಡಬೇಕು, ಅದನ್ನು ಮೊದಲೇ ತಿಳಿಸಿ ಕಾರ್ಖಾನೆಯಲ್ಲಿ ನೋಟಿಸು ಹಚ್ಚಬೇಕು, ಹೇಗೆ ಬದಲಿಸಿದರೂ ನಡುವೆ ಸೂಟಿಯಿಲ್ಲದೆ 10 ದಿನಕ್ಕಿಂತ ಹೆಚ್ಚು ಸತತವಾಗಿ ದುಡಿಸಬಾರದು ಎಂದು ಅದು ವಿಧಿಸಿತ್ತು. ಸರಣಿಯ ಒಂದು ದಿನವನ್ನು ಮಾತ್ರ ಸರಿಸುವುದು, ಸರಿಸಿದ್ದನ್ನು ಎಲ್ಲರಿಗೂ ತಿಳಿಸುವುದು, ಸರಿಸುವುದಕ್ಕೂ ಒಂದು ಮಿತಿ ಇಡುವುದು: ಐವತ್ತು ವರ್ಷಗಳ ಬಳಿಕ ಬಂದ ಕ್ಯಾಲೆಂಡರ್ ಮಾನಕಗಳು ಮೊದಲೆರಡನ್ನು ಕಲಿತವು, ಮೂರನೆಯದನ್ನು ಇನ್ನೂ ಕಲಿತಿಲ್ಲ.

ದಿನ ಯಾವ ಕಡೆಗೆ ಸರಿಯಬೇಕು ಎಂಬಲ್ಲಿ ಭಾರತದ ಎರಡು ಕಾಯಿದೆಗಳು ಎರಡು ದಿಕ್ಕು ತೋರಿಸುತ್ತವೆ. 1881ರ ವರ್ಗಾವಣೀಯ ಲಿಖಿತ ಪತ್ರಗಳ ಕಾಯಿದೆಯ 25ನೆಯ ಕಲಮಿನಂತೆ, ಹುಂಡಿ ಅಥವಾ ವಾಗ್ದಾನ ಪತ್ರದ ಗಡುವಿನ ದಿನ ಸಾರ್ವಜನಿಕ ರಜೆಯಾದರೆ ಅದರ ಹಿಂದಿನ ಕೆಲಸದ ದಿನವೇ ಗಡುವು. 1897ರ ಸಾಮಾನ್ಯ ಖಂಡಗಳ ಕಾಯಿದೆಯ 10ನೆಯ ಕಲಮಿನಂತೆ, ಕೋರ್ಟು ಅಥವಾ ಕಚೇರಿ ಮುಚ್ಚಿದ್ದರೆ ಅದು ತೆರೆಯುವ ಮುಂದಿನ ದಿನ ಕೆಲಸ ಮಾಡಿದರೂ ನಡೆಯುತ್ತದೆ. ಸಾಲ ತೀರಿಸುವವನು ಮೊದಲೇ ಬರಬೇಕು, ಅರ್ಜಿ ಹಿಡಿದು ಬಂದವನು ಕಾಯಬಹುದು. ಸೂಟಿ ಬಂದರೆ ಮರುದಿನಕ್ಕೆ ತಳ್ಳುವ ಒಂದೇ ಸೂತ್ರವನ್ನು ಎಲ್ಲ ಕೆಲಸಕ್ಕೂ ಹಾಕಿದ ತಂತ್ರಾಂಶ ಕಾಯಿದೆಯ ಕಣ್ಣಿನಲ್ಲೇ ತಪ್ಪಾಗುವುದು ಇದರಿಂದ. ನಿಯಮದೊಳಗೇ ಅಪವಾದ ಅಡಗಿರುವುದೂ ಉಂಟು: ಕೇಂದ್ರ ಸರಕಾರಿ ನೌಕರರ ಪಗಾರ ತಿಂಗಳ ಕೊನೆಯ ಕೆಲಸದ ದಿನ ಆಗುತ್ತದೆ, ಮಾರ್ಚ್ ತಿಂಗಳದ್ದು ಮಾತ್ರ ಏಪ್ರಿಲ್‌ನ ಮೊದಲ ಕೆಲಸದ ದಿನಕ್ಕೆ ಹೋಗುತ್ತದೆ.

ಮೊದಲ ತಂತ್ರಾಂಶಗಳು

ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ 1979ರ ಏಳನೆಯ ಆವೃತ್ತಿಯಲ್ಲಿ ಎರಡು ಪುಟ್ಟ ಸಾಧನಗಳಿದ್ದವು. ಗೊತ್ತುಪಡಿಸಿದ ಹೊತ್ತಿಗೆ ಕೆಲಸ ಓಡಿಸುವುದು ‘ಕ್ರಾನ್’. ಇವತ್ತು, ನಾಳೆಯ ಕೆಲಸಗಳನ್ನು ನೆನಪಿಸುವುದು ‘ಕ್ಯಾಲೆಂಡರ್’. ಈ ಎರಡನೆಯದಕ್ಕೆ ವಾರಾಂತ್ಯದಲ್ಲಿ ‘ನಾಳೆ’ ಎಂದರೆ ಸೋಮವಾರದವರೆಗೆ ಎಂಬ ತಿಳಿವಳಿಕೆ ಕೊಡಲಾಗಿತ್ತು. ಆದರೆ ಹಬ್ಬದ ಸೂಟಿ ಅದಕ್ಕೆ ತಿಳಿಯದು ಎಂದು ಅದರ ಕೈಪಿಡಿಯೇ ದೋಷಗಳ ಪಟ್ಟಿಯಲ್ಲಿ ಹೇಳಿಕೊಂಡಿತ್ತು.

ಕ್ರಾನ್‌ಗೆ ವಾರಾಂತ್ಯದ ಕಲ್ಪನೆಯೂ ಇಲ್ಲ. ನಿಮಿಷ, ಗಂಟೆ, ದಿನಾಂಕ, ತಿಂಗಳು, ವಾರ ಎಂಬ ಐದು ಕಲಮುಗಳಷ್ಟೇ. ನಮ್ಮ ಬ್ಯಾಂಕುಗಳ ಎರಡನೆಯ ಶನಿವಾರವನ್ನು ಅದರಲ್ಲಿ ಬರೆಯಲು ಹೊರಟರೆ ತೊಡಕು ಗೊತ್ತಾಗುತ್ತದೆ. ಎರಡನೆಯ ಶನಿವಾರ ಯಾವಾಗಲೂ 8ರಿಂದ 14ರೊಳಗೆ ಬೀಳುತ್ತದೆ. ಹಾಗೆಂದು ದಿನಾಂಕದ ಕಲಮಿನಲ್ಲಿ 8ರಿಂದ 14, ವಾರದ ಕಲಮಿನಲ್ಲಿ ಶನಿವಾರ ಎಂದು ಬರೆದರೆ, ಪಾಲ್ ವಿಕ್ಸಿಯವರ 1987ರ ಕ್ರಾನ್ ಆವೃತ್ತಿಯಲ್ಲೂ ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಪಾಸಿಕ್ಸ್ ಮಾನಕದಲ್ಲೂ ಅದು ‘ಎರಡರಲ್ಲಿ ಯಾವುದಾದರೊಂದು’ ಎಂದಾಗುತ್ತದೆ. ಕೆಲಸ 8ರಿಂದ 14ರವರೆಗೆ ದಿನವೂ ಓಡುತ್ತದೆ, ಉಳಿದ ಶನಿವಾರಗಳಲ್ಲೂ ಓಡುತ್ತದೆ. ಅದಕ್ಕಾಗಿ ಒಂದೇ ಕಲಮು ತುಂಬಿ, ಎರಡನೆಯ ಷರತ್ತನ್ನು ಓಡುವ ಆದೇಶದೊಳಗೇ ಪರೀಕ್ಷಿಸುವುದು ರೂಢಿಯಾಯಿತು. ದೊಡ್ಡ ಗಣಕಗಳ ಕೆಲಸ ನಿರ್ವಾಹಕ ತಂತ್ರಾಂಶಗಳು ಸೂಟಿಗಳನ್ನು ಪ್ರತ್ಯೇಕ ಕೋಷ್ಟಕದಲ್ಲಿಟ್ಟವು. ಇದೇ ಸರಿಯಾದ ದಾರಿ. ಸೂಟಿ ಬದಲಾದಾಗ ಕೋಷ್ಟಕ ತಿದ್ದಿದರೆ ಆಯಿತು, ನಿಯಮ ಮುಟ್ಟಬೇಕಿಲ್ಲ.

ಕಚೇರಿಗಳಲ್ಲಿ ಈ ಕೆಲಸ ಹೆಚ್ಚಾಗಿ ಎಕ್ಸೆಲ್ ಹಾಳೆಯಲ್ಲಿ ನಡೆಯುತ್ತದೆ. ಕೆಲಸದ ದಿನ ಎಣಿಸುವ ಅದರ ಸೂತ್ರಗಳಿಗೆ 2010ರ ಆವೃತ್ತಿಯಲ್ಲಿ ವಾರದ ಸೂಟಿ ಯಾವ ದಿನವೆಂದು ಆರಿಸುವ ಸೌಲಭ್ಯ ಬಂತು. ಅಲ್ಲಿಯೂ ಶನಿವಾರವೆಂದರೆ ಎಲ್ಲ ಶನಿವಾರ. ಎರಡನೆಯದು, ನಾಲ್ಕನೆಯದು ಮಾತ್ರ ಬೇಕಾದರೆ ವರ್ಷದ 24 ದಿನಾಂಕಗಳನ್ನು ಸೂಟಿ ಪಟ್ಟಿಗೆ ಬರೆದು ಸೇರಿಸಬೇಕು.

ಐಕ್ಯಾಲೆಂಡರ್ ಮಾನಕ

1996ರಲ್ಲಿ ವರ್ಸಿಟ್ ಒಕ್ಕೂಟ ವಿಕ್ಯಾಲೆಂಡರ್ ತಂದಿತು. ಅದನ್ನು ಬೆಳೆಸಿ 1998ರ ನವೆಂಬರ್‌ನಲ್ಲಿ ಫ್ರಾಂಕ್ ಡಾಸನ್ ಮತ್ತು ಡೆರಿಕ್ ಸ್ಟೆನರ್ಸನ್ ಆರ್‌ಎಫ್‌ಸಿ 2445 ಎಂಬ ಐಕ್ಯಾಲೆಂಡರ್ ಮಾನಕವನ್ನು ಪ್ರಕಟಿಸಿದರು. ಇದರಲ್ಲಿ ‘ಆರ್‌ರೂಲ್’ ಪುನರಾವರ್ತನೆಯ ನಿಯಮ, ‘ಎಕ್ಸ್‌ಡೇಟ್’ ಬಿಡಬೇಕಾದ ದಿನ, ‘ಆರ್‌ಡೇಟ್’ ಸೇರಿಸಬೇಕಾದ ದಿನ. ಒಂದು ಸಲದ ಕೆಲಸವನ್ನು ಮಾತ್ರ ಸರಿಸಲು ‘ರಿಕರೆನ್ಸ್ ಐಡಿ’ ಇದೆ: ಆ ಕೆಲಸ ಮೂಲತಃ ಯಾವ ಹೊತ್ತಿನದಾಗಿತ್ತು ಎಂಬುದೇ ಅದರ ಗುರುತು. ಬಿಡಬೇಕಾದ ದಿನಗಳಿಗೂ ನಿಯಮ ಬರೆಯುವ ‘ಎಕ್ಸ್‌ರೂಲ್’ ಆಗ ಇತ್ತು. 2009ರ ಆರ್‌ಎಫ್‌ಸಿ 5545 ಅದನ್ನು ಕೈಬಿಟ್ಟಿತು. ಸೂಟಿಗಳನ್ನು ನಿಯಮದಲ್ಲಿ ಹಿಡಿಯಲು ಹೋಗದೆ ದಿನಾಂಕಗಳಾಗಿ ಎಣಿಸಿ ಬರೆಯುವುದೇ ಉಳಿಯಿತು.

ಈ ವಿನ್ಯಾಸದಲ್ಲೊಂದು ದುರ್ಬಲ ಜಾಗವಿದೆ. ಎಕ್ಸ್‌ಡೇಟ್ ಸರಣಿಯ ಹೊತ್ತಿಗೆ ಸರಿಯಾಗಿ ಹೊಂದಬೇಕು. ಪ್ರತಿ ಸೋಮವಾರ 10 ಗಂಟೆಗೆ ಸಹಕಾರಿ ಸಂಘದ ಸಭೆ, ಯುಗಾದಿಯ ಸೋಮವಾರಕ್ಕೆ ಸೂಟಿ ಎಂದು ಬರೆದಿಟ್ಟಿದ್ದಾರೆ ಎನ್ನೋಣ. ಮುಂದೆ ಸಭೆಯನ್ನು 10:30ಕ್ಕೆ ಬದಲಿಸಿದರೆ, 10 ಗಂಟೆಯ ಹೆಸರಿನಲ್ಲಿದ್ದ ಸೂಟಿ ಯಾವುದಕ್ಕೂ ಹೊಂದದೆ ಹೋಗುತ್ತದೆ. ಒಳ್ಳೆಯ ತಂತ್ರಾಂಶ ಸೂಟಿಯನ್ನೂ ಜೊತೆಗೆ ಸರಿಸುತ್ತದೆ. ಉಳಿದವುಗಳಲ್ಲಿ ರದ್ದಾದ ಸಭೆ ಹಬ್ಬದ ದಿನವೇ ಮತ್ತೆ ಎದ್ದು ಬರುತ್ತದೆ.

ಬಸ್ಸಿನ ವೇಳಾಪಟ್ಟಿಯವರು ಇದನ್ನು ಸರಳ ಮಾಡಿಕೊಂಡರು. 2005ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಸಾರಿಗೆ ಸಂಸ್ಥೆ ಮತ್ತು ಗೂಗಲ್ ಸೇರಿ ರೂಪಿಸಿದ ಜಿಟಿಎಫ್‌ಎಸ್ ಮಾದರಿಯಲ್ಲಿ ಒಂದು ಕಡತ ವಾರದ ಏಳು ದಿನಗಳನ್ನು ಹೇಳುತ್ತದೆ, ಇನ್ನೊಂದು ಅಪವಾದದ ದಿನಾಂಕಗಳನ್ನು. ಅಪವಾದದ ಮುಂದೆ 1 ಎಂದಿದ್ದರೆ ಬಸ್ಸು ಹೆಚ್ಚುವರಿ, 2 ಎಂದಿದ್ದರೆ ಬಸ್ಸು ಇಲ್ಲ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ಪ್ರದೇಶಕ್ಕೆ ಈ 1 ಬಹಳ ಮುಖ್ಯ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ವಿಶೇಷ ಬಸ್ಸುಗಳು ಓಡುತ್ತವೆ. ಹಬ್ಬವೆಂದರೆ ಕೆಲಸ ನಿಲ್ಲುವ ದಿನ ಎಂಬ ಊಹೆ ಇಲ್ಲಿ ತಿರುಗುಮುರುಗಾಗುತ್ತದೆ.

ಎರಡು ಶನಿವಾರ, ಎರಡು ರಾಜ್ಯ

2015ರ ಸೆಪ್ಟೆಂಬರ್ 1ರಿಂದ ದೇಶದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಸೂಟಿಯಾಯಿತು, ಉಳಿದ ಶನಿವಾರಗಳು ಪೂರ್ತಿ ಕೆಲಸದ ದಿನಗಳಾದವು. ಕರ್ನಾಟಕ ಸರಕಾರ 2019ರಲ್ಲಿ ತನ್ನ ಕಚೇರಿಗಳಿಗೂ ನಾಲ್ಕನೆಯ ಶನಿವಾರದ ಸೂಟಿ ಕೊಟ್ಟು, ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು.

2025ರ ನವೆಂಬರ್ ತಿಂಗಳನ್ನು ನೋಡಿದರೆ ಇದರ ಪರಿಣಾಮ ತಿಳಿಯುತ್ತದೆ. 1ನೆಯ ತಾರೀಖು ಮೊದಲ ಶನಿವಾರ, ಹಾಗಾಗಿ ಬ್ಯಾಂಕು ತೆರೆಯುವ ದಿನ. ಆದರೆ ಅದು ಕನ್ನಡ ರಾಜ್ಯೋತ್ಸವ. ಹತ್ತರಗಿಯ ಕಡೆ ಶಾಖೆಗಳಿಗೆ ಬೀಗ, ಕೊಲ್ಹಾಪುರದಲ್ಲಿ ಎಂದಿನ ವ್ಯವಹಾರ. ಅಂದಿನ ಶಾಖೆಯ ಕೆಲಸವನ್ನು ಮುಂದಕ್ಕೆ ಒಯ್ದರೆ ಭಾನುವಾರ ದಾಟಿ 3ನೆಯ ತಾರೀಖಿಗೆ, ಹಿಂದಕ್ಕೆ ತಂದರೆ ಅಕ್ಟೋಬರ್ 31ಕ್ಕೆ ಬೀಳುತ್ತದೆ. ಹಿಂದಕ್ಕೆ ತಂದರೆ ತಿಂಗಳೇ ಬದಲಾಯಿತು. ಅದೇ ತಿಂಗಳ 30 ಭಾನುವಾರ. ಅದನ್ನು ಮುಂದಕ್ಕೆ ಒಯ್ದರೆ ಡಿಸೆಂಬರ್ ಬರುತ್ತದೆ. ಹಣಕಾಸು ತಂತ್ರಾಂಶಗಳಲ್ಲಿ ಇದಕ್ಕೊಂದು ತಿದ್ದುಪಡಿ ನಿಯಮವಿದೆ: ಮುಂದಿನ ಕೆಲಸದ ದಿನಕ್ಕೆ ಒಯ್ಯಿ, ತಿಂಗಳು ದಾಟುವುದಾದರೆ ಮಾತ್ರ ಹಿಂದಕ್ಕೆ ಬಾ. ಹಿಂದೆ ಬಂದರೆ 29 ಸಿಗುತ್ತದೆ. ಅದು ಐದನೆಯ ಶನಿವಾರ, ಬ್ಯಾಂಕು ತೆರೆದಿರುತ್ತದೆ. ಶನಿವಾರವೆಲ್ಲ ಸೂಟಿ ಎಂದುಕೊಂಡ ತಂತ್ರಾಂಶ 28ಕ್ಕೆ ಹೋಗಿ ಒಂದು ದಿನ ತಪ್ಪುತ್ತದೆ.

2021ರ ಆಗಸ್ಟ್ 1ರಿಂದ ಈ ಲೆಕ್ಕದ ಒಂದು ಭಾಗ ಕಳಚಿಬಿತ್ತು. ಸಾಲದ ಕಂತು ಕಡಿತ, ಪಿಂಚಣಿ ಜಮೆ ಮುಂತಾದವನ್ನು ಸಾಗಿಸುವ ನ್ಯಾಚ್ ವ್ಯವಸ್ಥೆ ಅಂದಿನಿಂದ ವಾರದ ಏಳೂ ದಿನ ನಡೆಯುತ್ತಿದೆ. ಪಗಾರ, ಪಿಂಚಣಿ ಸೂಟಿಯ ದಿನವೂ ಕೈಸೇರಬಹುದಾದ್ದು ದೊಡ್ಡ ಅನುಕೂಲ. ಕಂತು ಕಟ್ಟುವವರ ಪಾಡು ಬೇರೆ: ಶಾಖೆ ಮುಚ್ಚಿದ್ದರೂ ಭಾನುವಾರ ಕಂತು ಕಡಿತವಾಗುತ್ತದೆ. ರೊಕ್ಕವನ್ನು ಕೈಯಲ್ಲಿ ಹಿಡಿದು ವ್ಯವಹರಿಸುವ ಹಳ್ಳಿಯ ಸಾಲಗಾರ ಅದನ್ನು ಶನಿವಾರವೇ ತುಂಬಬೇಕು. ಆ ಶನಿವಾರ ಎರಡನೆಯದಾಗಿದ್ದರೆ ಶುಕ್ರವಾರವೇ ತುಂಬಬೇಕು. ಯಂತ್ರಕ್ಕೆ ಸೂಟಿ ತಪ್ಪಿದಾಗ ಸೂಟಿಯ ಲೆಕ್ಕ ಜನರ ತಲೆಗೆ ವರ್ಗವಾಯಿತು. ಇಂಥ ಬದಲಾವಣೆ ತರುವವರು ಕಂತಿನ ಮೊದಲ ಸಂದೇಶವನ್ನು ಕೊನೆಯ ಕೆಲಸದ ದಿನಕ್ಕಿಂತ ಮುಂಚೆ, ಕನ್ನಡದಲ್ಲಿ ಕಳಿಸುವುದು ಕನಿಷ್ಠ ಕರ್ತವ್ಯ.

ತಿಥಿ ಮತ್ತು ಚಂದ್ರದರ್ಶನ

ನವೆಂಬರ್ 1 ಪ್ರತಿವರ್ಷ ನವೆಂಬರ್ 1. ಯುಗಾದಿ ಹಾಗಲ್ಲ. ತಿಥಿಯ ಉದ್ದ ಸುಮಾರು 19ರಿಂದ 26 ಗಂಟೆ. ಸೂರ್ಯೋದಯದ ತಿಥಿಯೇ ಆ ದಿನದ ತಿಥಿಯಾದ್ದರಿಂದ ಒಂದು ತಿಥಿ ಎರಡು ದಿನ ಬರಬಹುದು, ಇಲ್ಲವೇ ಬಾರದೆಯೂ ಹೋಗಬಹುದು. 19 ವರ್ಷಗಳಲ್ಲಿ 7 ಅಧಿಕ ಮಾಸಗಳು ಬರುತ್ತವೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, 2026ರದು ಅಧಿಕ ಜ್ಯೇಷ್ಠ. ಮೇಘನಾದ ಸಾಹಾ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಂದು ಜಾರಿಗೆ ಬಂದ ರಾಷ್ಟ್ರೀಯ ಶಕ ಪಂಚಾಂಗ ಸೌರಮಾನದ್ದು. ಇಂದಿನ ತಂತ್ರಾಂಶಗಳಲ್ಲಿ ‘ಭಾರತೀಯ’ ಎಂಬ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಇದೇ. ಅದರ ಚೈತ್ರ 1ಕ್ಕೂ ನಮ್ಮ ಬೇವು–ಬೆಲ್ಲಕ್ಕೂ ಸಂಬಂಧವಿಲ್ಲ.

ನಾಹುಮ್ ಡರ್ಶೋವಿಟ್ಜ್ ಮತ್ತು ಎಡ್ವರ್ಡ್ ರೀಂಗೋಲ್ಡ್ 1990ರ ಪ್ರಬಂಧದಿಂದ ಆರಂಭಿಸಿ, 1997ರ ಪುಸ್ತಕದಲ್ಲಿ ಹಿಂದೂ ಪಂಚಾಂಗವನ್ನೂ ಒಳಗೊಂಡಂತೆ ಹಲವು ಪಂಚಾಂಗಗಳ ಗಣಿತವನ್ನು ಕಂಪ್ಯೂಟರಿಗೆ ಒಗ್ಗಿಸಿದರು. 2015ರ ಆರ್‌ಎಫ್‌ಸಿ 7529 ಗ್ರೆಗೋರಿಯನ್ ಅಲ್ಲದ ಪಂಚಾಂಗದಲ್ಲೂ ಪುನರಾವರ್ತನೆ ಬರೆಯುವ ದಾರಿ ತೆರೆಯಿತು. ನಿಯಮ ಹೇಳಿದ ದಿನ ಆ ವರ್ಷ ಇಲ್ಲವಾದರೆ ಬಿಡಬೇಕೋ, ಹಿಂದೆ ಹೋಗಬೇಕೋ, ಮುಂದೆ ಹೋಗಬೇಕೋ ಎಂದು ಅದರಲ್ಲಿ ಸೂಚಿಸಬಹುದು. ಇಷ್ಟಾದರೂ ಗಣಿತ ಸೂಟಿಯನ್ನು ತೀರ್ಮಾನಿಸುವುದಿಲ್ಲ. 2024ರ ದೀಪಾವಳಿ ಅಮಾವಾಸ್ಯೆ ಅಕ್ಟೋಬರ್ 31ಕ್ಕೋ ನವೆಂಬರ್ 1ಕ್ಕೋ ಎಂದು ಪಂಚಾಂಗಕರ್ತರೇ ಎರಡು ಪಂಗಡವಾದರು. ಅದೇ ವರ್ಷ ರಂಜಾನ್ ಹಬ್ಬ ಕಾಸರಗೋಡು ಸೇರಿದ ಕೇರಳದಲ್ಲಿ ಏಪ್ರಿಲ್ 10ಕ್ಕೆ, ಕರ್ನಾಟಕದ ಹೆಚ್ಚಿನ ಭಾಗದಲ್ಲಿ 11ಕ್ಕೆ ಆಯಿತು. ಕರ್ನಾಟಕದ ಸೂಟಿ ಆದೇಶ ಇದನ್ನು ಮುಂಗಂಡು, ಮುಸ್ಲಿಮರ ಹಬ್ಬ ಸೂಚಿತ ದಿನಕ್ಕೆ ಬಾರದಿದ್ದರೆ ಆ ಸಮುದಾಯದ ನೌಕರರಿಗೆ ಹಬ್ಬದ ದಿನವೇ ರಜೆ ಕೊಡಬಹುದು ಎನ್ನುತ್ತದೆ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಕೊಡಗು ಜಿಲ್ಲೆಗೆ ಮಾತ್ರ ಎಂದೂ ಹೇಳುತ್ತದೆ. ದಿನಾಂಕದ ಜೊತೆ ‘ಯಾರಿಗೆ, ಎಲ್ಲಿ’ ಎಂಬ ಎರಡು ಕಲಮುಗಳನ್ನು ಈ ಆದೇಶ ಮೊದಲಿನಿಂದಲೂ ಇಟ್ಟುಕೊಂಡಿದೆ. ಬಹುತೇಕ ಕ್ಯಾಲೆಂಡರ್ ತಂತ್ರಾಂಶಗಳಲ್ಲಿ ಅವೆರಡೂ ಇಲ್ಲ.

ಬ್ರಿಟನ್ ಸರಕಾರ ತನ್ನ ಸೂಟಿಗಳನ್ನು ಐಕ್ಯಾಲೆಂಡರ್ ಕಡತವಾಗಿಯೇ ಕೊಡುತ್ತದೆ, ಜಪಾನಿನ ಸಂಪುಟ ಕಚೇರಿ ಕೋಷ್ಟಕ ಕಡತವಾಗಿ. ಕರ್ನಾಟಕದ ಪಟ್ಟಿ ಪಿಡಿಎಫ್ ಆದೇಶವಾಗಿ ಬರುತ್ತದೆ, ಅದನ್ನು ಬ್ಯಾಂಕು, ಶಾಲೆ, ಸಹಕಾರಿ ಸಂಘಗಳು ತಂತಮ್ಮ ತಂತ್ರಾಂಶಕ್ಕೆ ಹೊಸದಾಗಿ ಬೆರಳಚ್ಚಿಸಿಕೊಳ್ಳಬೇಕು. ರಾಜ್ಯವೇ ಅದನ್ನು ಯಂತ್ರ ಓದುವ ರೂಪದಲ್ಲಿ, ಜಿಲ್ಲೆಯ ಕಲಮಿನೊಡನೆ ಕೊಡುವುದು ಕಷ್ಟದ ಕೆಲಸವಲ್ಲ. ಐದು ವರ್ಷಕ್ಕೊಮ್ಮೆ ಬರುವ ಗೋಕಾಕದ ಮಹಾಲಕ್ಷ್ಮೀ ಜಾತ್ರೆಯಾಗಲಿ, ಊರು ಹಿಡಿಯುವ ವಾರಗಳಾಗಲಿ ಆ ಪಟ್ಟಿಯಲ್ಲೂ ಇರುವುದಿಲ್ಲ. ಅವುಗಳ ದಿನ ಗೊತ್ತುಪಡಿಸುವುದು ಊರ ಹಿರಿಯರು. ಅವನ್ನು ಸೇರಿಸುವ ಅಧಿಕಾರ ಆಯಾ ಊರಿನ ಶಾಲೆಗೆ, ಸಂಘಕ್ಕೆ, ಡಿಪೋಗೆ ಬಿಟ್ಟ ತಂತ್ರಾಂಶ ಮಾತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ.