ಜ್ಯಾಪ್

ಇದು ವೈದ್ಯರು ಇಟ್ಟ ಹೆಸರಲ್ಲ, ರೋಗಿಗಳೇ ಕಟ್ಟಿಕೊಂಡದ್ದು. ಖಿನ್ನತೆಯ ಮಾತ್ರೆ ಬಿಟ್ಟ ಮೇಲೆ ಕೆಲವರಿಗೆ ಕಣ್ಣನ್ನು ಪಕ್ಕಕ್ಕೆ ಹೊರಳಿಸಿದರೆ ಸಾಕು, ತಲೆಯೊಳಗೆ ಕರೆಂಟು ಹೊಡೆದಂತಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಬ್ರೇನ್ ಜ್ಯಾಪ್’ ಅನ್ನುತ್ತಾರೆ. ಜ್ಯಾಪ್ ಎಂಬುದು ಅಮೆರಿಕದ ಕಾಮಿಕ್ಸ್‌ಗಳಲ್ಲಿ ಕಿರಣ ಬಂದೂಕಿನ ಸದ್ದು. ನಮ್ಮ ಢಂ, ಠುಸ್‌ಗಳ ಜಾತಿಯ ಅನುಕರಣ ಪದ. ಆಮೇಲೆ ಕ್ರಿಯಾಪದವಾಗಿ, ಕೊನೆಗೆ ತಲೆಯೊಳಗೇ ಹೊಕ್ಕಿತು.

ಮಾತ್ರೆ ಬಿಟ್ಟಾಗಿನ ಇಂಥ ತೊಂದರೆಗಳಿಗೆ ವೈದ್ಯರು ಬಳಸುವ ‘ಡಿಸ್‌ಕಂಟಿನ್ಯುಯೇಶನ್ ಸಿಂಡ್ರೋಮ್’ ಎಂಬ ಹೆಸರು ಚಾಲ್ತಿಗೆ ಬಂದದ್ದು 1990ರ ದಶಕದಲ್ಲಿ. ‘ವಿತ್‌ಡ್ರಾವಲ್’ ಅಂದರೆ ಕುಡಿತದ ಚಟ ನೆನಪಾಗುತ್ತದಲ್ಲ, ಅದಕ್ಕೇ ಈ ನಯ. ನಯ ಕೊಂಚ ಜಾಸ್ತಿಯೇ ಆಯಿತು. ಒಂದೆರಡು ವಾರದಲ್ಲಿ ಹೋಗುತ್ತದೆ ಎಂದು ಬಹುಕಾಲ ಹೇಳುತ್ತಿದ್ದರು. ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ತೀವ್ರವೂ ಆಗಬಹುದು ಎಂದು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ 2019ರಲ್ಲಿ ಒಪ್ಪಿತು.

ದೇಹದಿಂದ ಬೇಗ ಖಾಲಿಯಾಗುವ ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ಗಳಲ್ಲಿ ಕಾಟ ಹೆಚ್ಚು. ವಾರಗಟ್ಟಲೆ ಉಳಿಯುವ ಫ್ಲುಆಕ್ಸೆಟಿನ್‌ನಲ್ಲಿ ಕಡಿಮೆ. ಹಾಗಾಗಿ ದಿಢೀರನೆ ನಿಲ್ಲಿಸದೆ ವೈದ್ಯರನ್ನು ಕೇಳಿ ಸ್ವಲ್ಪಸ್ವಲ್ಪವೇ ಇಳಿಸುವುದು ರೂಢಿ. ಕೊನೆಯ ಕೆಲವು ಮಿಲಿಗ್ರಾಂಗಳಿಗೇ ಹೆಚ್ಚು ತಾಳ್ಮೆ ಬೇಕು, ಏಕೆಂದರೆ ಮಿದುಳಿನ ಮೇಲೆ ಸಣ್ಣ ಡೋಸಿನ ಹಿಡಿತವೂ ದೊಡ್ಡದೇ.

ಕನ್ನಡದವರು ಇದನ್ನು ‘ತಲೆ ಜುಮ್ ಅನ್ನುತ್ತೆ ಡಾಕ್ಟ್ರೇ’ ಅನ್ನಬಹುದು. ಒಳ್ಳೆಯ ಮಾತೇ. ಆದರೆ ಕಾಲು ಜೋಮು ಹಿಡಿದರೂ ಜುಮ್, ಹಾಡು ಕೇಳಿ ರೋಮಾಂಚನವಾದರೂ ಜುಮ್. ಮಾತ್ರೆ ಯಾವುದು, ಬಿಟ್ಟು ಎಷ್ಟು ದಿನವಾಯಿತು ಎಂದು ಜೊತೆಗೇ ಹೇಳದಿದ್ದರೆ ಬಿ.ಪಿ. ನೋಡಿ, ಬಿ-12 ಬರೆದು ಕಳಿಸಿಯಾರು.